ಸೈಟಿಗೆ ಮೊದಲು ನೀರು

ವಸತಿ ಯೋಜನೆ ಎಂದರೆ ಮನೆಗಳ ನಕ್ಷೆ ಬರೆಯುವುದು ಎಂಬ ತಿಳಿವಳಿಕೆ ಸಾಮಾನ್ಯ. ನಿಜದಲ್ಲಿ ಅದರ ದೊಡ್ಡ ಪಾಲು ಕೆಲಸ ಮನೆಗೆ ಪಾಯ ತೋಡುವ ಮೊದಲೇ ಮುಗಿದಿರಬೇಕು. ಊರು ಯಾವ ದಿಕ್ಕಿಗೆ ಬೆಳೆಯಬೇಕು, ಅಲ್ಲಿಗೆ ಕುಡಿಯುವ ನೀರು ಎಲ್ಲಿಂದ ಬರಬೇಕು, ಬಚ್ಚಲ ನೀರು ಎಲ್ಲಿಗೆ ಹೋಗಬೇಕು, ಮಳೆ ಬಂದಾಗ ಯಾವ ಜಾಗ ಖಾಲಿ ಇರಬೇಕು, ಬಸ್ಸು ಯಾವ ರಸ್ತೆಯಲ್ಲಿ ತಿರುಗಬೇಕು ಎಂಬುದೆಲ್ಲ ಮೊದಲು ತೀರ್ಮಾನವಾಗಿ, ಸೈಟು ಹಂಚುವುದು ಕೊನೆಗೆ ಬರಬೇಕು. ಕರ್ನಾಟಕದ ಬಹುತೇಕ ಊರುಗಳಲ್ಲಿ ಈ ಕ್ರಮ ತಲೆಕೆಳಗಾಗಿದೆ. ಸೈಟು ಮೊದಲು ಮಾರಾಟವಾಗುತ್ತದೆ, ಮನೆ ಏಳುತ್ತದೆ, ಬೋರ್‌ವೆಲ್ ಕೊರೆಯಲಾಗುತ್ತದೆ. ಕೆಲವು ವರ್ಷಗಳ ಮೇಲೆ ರಸ್ತೆಗೆ ಜಲ್ಲಿ ಬೀಳುತ್ತದೆ, ಮತ್ತೆ ಕೆಲವು ವರ್ಷಕ್ಕೆ ಮೋರಿ ಬರುತ್ತದೆ, ಕಾನೂನಿನ ಒಪ್ಪಿಗೆ ಎಲ್ಲಕ್ಕಿಂತ ಕೊನೆಗೆ. ಬೆಂಗಳೂರಿನ ಸುತ್ತಲಿನ 110 ಹಳ್ಳಿಗಳು 2007ರಲ್ಲಿ ಮಹಾನಗರ ಪಾಲಿಕೆಯೊಳಗೆ ಸೇರಿದವು. ಅವುಗಳಿಗೆಂದೇ ರೂಪಿಸಿದ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ನಡುವಿನ 17 ವರ್ಷ ಅಲ್ಲಿನ ಬಹುಪಾಲು ಜನ ಕೊಳವೆಬಾವಿ ಮತ್ತು ಟ್ಯಾಂಕರನ್ನು ನಂಬಿ ಬಾಳಿದರು.

ಹಿಂದೆ ಹೀಗಿರಲಿಲ್ಲ ಎಂಬುದಕ್ಕೆ ಅದೇ ಊರಿನಲ್ಲಿ ಸಾಕ್ಷಿ ಇದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರಲು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳ ಕೆಲಸ ಚುರುಕಾಯಿತು. ನೇರ ರಸ್ತೆಗಳು, ಗಾಳಿ ಬೆಳಕಿಗೆ ಜಾಗ ಬಿಟ್ಟ ನಿವೇಶನಗಳು, ಮನೆಗಳ ಬೆನ್ನಿಗೆ ಕಸ ಮತ್ತು ಮಲ ಸಾಗಿಸಲು ಕನ್ಸರ್ವೆನ್ಸಿ ಗಲ್ಲಿಗಳು ಎಲ್ಲವೂ ಮೊದಲೇ ನಕ್ಷೆಯಲ್ಲಿದ್ದವು. ಹೆಸರಘಟ್ಟ ಕೆರೆಯಿಂದ ನಗರಕ್ಕೆ ಕೊಳಾಯಿ ನೀರು ಬಂದದ್ದೂ ಅದೇ ದಶಕದಲ್ಲಿ. ಆ ನಕ್ಷೆಗಳಲ್ಲಿ ಜಾತಿವಾರು ವಿಂಗಡಣೆಯೂ ಇತ್ತೆಂಬುದನ್ನು ಮರೆಯಬಾರದು. ಒಳ್ಳೆಯ ರಸ್ತೆ ಎಳೆದವರೆಲ್ಲ ಒಳ್ಳೆಯ ಊರು ಕಟ್ಟಿದರೆಂದು ಹೇಳಲಾಗದು. ಮೈಸೂರಿನಲ್ಲಿ 1903ರಲ್ಲೇ ನಗರ ಸುಧಾರಣೆಗೆಂದು ಪ್ರತ್ಯೇಕ ಮಂಡಳಿ ಹುಟ್ಟಿತು, ದೇಶದಲ್ಲಿ ಇಂಥ ಮೊದಲ ಸಂಸ್ಥೆಗಳಲ್ಲಿ ಅದೂ ಒಂದು. ಬೆಂಗಳೂರಿಗೆ ಅಂಥ ಮಂಡಳಿ 1945ರಲ್ಲಿ ಬಂತು, 1976ರ ಕಾಯ್ದೆಯ ಮೂಲಕ ಅದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವಾಯಿತು. ಜಯನಗರ, ರಾಜಾಜಿನಗರಗಳಂಥ ಬಡಾವಣೆಗಳಲ್ಲಿ ರಸ್ತೆ, ಪಾರ್ಕು, ಶಾಲೆಗೆ ಜಾಗ ಗುರುತಿಸಿಯೇ ಸೈಟು ಹಂಚಲಾಯಿತು. ಆದರೆ ಸರ್ಕಾರಿ ಬಡಾವಣೆಗಳು ಬೆಳೆದ ವೇಗ ಒಂದು, ಜನ ಬಂದ ವೇಗ ಇನ್ನೊಂದು. ಆ ಅಂತರದಲ್ಲಿ ಹುಟ್ಟಿದ್ದೇ ರೆವಿನ್ಯೂ ಸೈಟು, ಅಂದರೆ ಬಡಾವಣೆ ನಕ್ಷೆಗೆ ಒಪ್ಪಿಗೆ ಇಲ್ಲದೆ ಹೊಲವನ್ನೇ ತುಂಡರಿಸಿ ಮಾರಿದ ಸೈಟು.

ಹೊಲ ಸೈಟಾಗುವ ದಾರಿ ಕಾನೂನಿನಲ್ಲಿ ಸ್ಪಷ್ಟವಿದೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಪ್ರಕಾರ ಕೃಷಿ ಜಮೀನನ್ನು ಬೇರೆ ಉಪಯೋಗಕ್ಕೆ ಬಳಸಲು ಜಿಲ್ಲಾಧಿಕಾರಿಯ ಅನುಮತಿ ಬೇಕು. ಜನರ ಬಾಯಲ್ಲಿ ಇದೇ ಡಿಸಿ ಕನ್ವರ್ಷನ್. ಆಮೇಲೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಂತೆ ಯೋಜನಾ ಪ್ರಾಧಿಕಾರದಿಂದ ಬಡಾವಣೆ ನಕ್ಷೆಗೆ ಒಪ್ಪಿಗೆ ಪಡೆಯಬೇಕು. ನಕ್ಷೆಯಲ್ಲಿ ರಸ್ತೆ, ಪಾರ್ಕು ಮತ್ತು ಶಾಲೆ, ಆಸ್ಪತ್ರೆ, ಅಂಗನವಾಡಿಯಂಥವುಗಳಿಗೆ ನಾಗರಿಕ ಸೌಲಭ್ಯ ನಿವೇಶನ ಬಿಟ್ಟು, ಅವನ್ನು ಸ್ಥಳೀಯ ಸಂಸ್ಥೆಗೆ ಒಪ್ಪಿಸಬೇಕು. ಉಳಿದದ್ದಷ್ಟೇ ಮಾರಾಟಕ್ಕೆ.

ಈ ಎರಡನೇ ಹೆಜ್ಜೆಯನ್ನು, ಕೆಲವೊಮ್ಮೆ ಮೊದಲನೆಯದನ್ನೂ, ಹಾರಿ ಹೋಗುವವರು ಏಕಿಷ್ಟು ಮಂದಿ ಎಂಬುದು ಒಂದು ಎಕರೆಯ ಲೆಕ್ಕ ಹಾಕಿದರೆ ತಿಳಿಯುತ್ತದೆ. ಎಕರೆಗೆ 40 ಗುಂಟೆ, ಅಂದರೆ 43,560 ಚದರಡಿ. ನಿಯಮದಂತೆ ನೂರಕ್ಕೆ 55 ಭಾಗ ಸೈಟಿಗೆ ಸಿಗುತ್ತದೆಂದು ಹಿಡಿದರೆ 30x40 ಅಳತೆಯ 20 ಸೈಟುಗಳಾಗುತ್ತವೆ. ಪಾರ್ಕು, ಸೌಲಭ್ಯ ನಿವೇಶನ ಬಿಡದೆ, ರಸ್ತೆಯನ್ನು 20 ಅಡಿಗೆ ಇಳಿಸಿ ನೂರಕ್ಕೆ 75 ಭಾಗ ಮಾರಿದರೆ 27 ಸೈಟು. ಹೆಚ್ಚುವರಿ ಏಳು ಸೈಟಿನ ಹಣ ಮಾರುವವನ ಜೇಬಿಗೆ. ಕೊಳ್ಳುವವನಿಗೂ ಸೈಟು ಅಗ್ಗವಾಗಿ ಸಿಗುತ್ತದೆ. ಇಬ್ಬರೂ ಅಂದು ಲಾಭದಲ್ಲೇ ಇರುತ್ತಾರೆ. ಬಿಟ್ಟುಹೋದ ರಸ್ತೆ, ಚರಂಡಿ, ಆಟದ ಬಯಲಿನ ಬೆಲೆಯನ್ನು ಮುಂದೆ ಪಂಚಾಯಿತಿಯೋ ಪಾಲಿಕೆಯೋ ಕಟ್ಟಬೇಕಾಗುತ್ತದೆ. 2020ರಲ್ಲಿ ಭೂಸುಧಾರಣಾ ಕಾಯ್ದೆ ತಿದ್ದುಪಡಿಯಾಗಿ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದಾದ ಮೇಲೆ ಊರಂಚಿನ ಜಮೀನಿನ ಮೇಲಿನ ಕಣ್ಣು ಇನ್ನಷ್ಟು ಹೆಚ್ಚಿದೆ.

ಅದೇ ಎಕರೆಗೆ ನೀರಿನ ಲೆಕ್ಕವನ್ನೂ ಹಾಕಿ ನೋಡಬೇಕು. ಯೋಜನೆಯ ಎಲ್ಲ ಪ್ರಶ್ನೆಗಳಲ್ಲಿ ಇದೇ ಗಟ್ಟಿಯಾದದ್ದು. ಒಳಚರಂಡಿ ಇರುವ ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು ಬೇಕೆಂಬುದು ದೇಶದಲ್ಲಿ ಒಪ್ಪಿಕೊಂಡಿರುವ ಅಳತೆ. ನಿಯಮಬದ್ಧವಾದ 20 ಸೈಟುಗಳಲ್ಲೇ ಒಂದೊಂದರ ಮೇಲೆ, ಬೆಂಗಳೂರಿನ ಅಂಚಿನ ರೂಢಿಯಂತೆ, ಮೇಲೆ ಮೇಲೆ ಬಾಡಿಗೆ ಮನೆ ಕಟ್ಟಿ ನಾಲ್ಕು ಸಂಸಾರ ಇದ್ದರೆ, ಸಂಸಾರಕ್ಕೆ ನಾಲ್ಕು ಜನರಂತೆ ಎಕರೆಗೆ 320 ಮಂದಿ. ಅವರಿಗೆ ದಿನಕ್ಕೆ 43,200 ಲೀಟರ್ ಬೇಕು, ಅಂದರೆ 6,000 ಲೀಟರಿನ ಏಳು ಟ್ಯಾಂಕರಿಗೂ ಮಿಕ್ಕಿ. ವರ್ಷಕ್ಕೆ 1 ಕೋಟಿ 58 ಲಕ್ಷ ಲೀಟರ್. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಬೀಳುತ್ತದೆ. ಆ ಎಕರೆಯ ಮೇಲೆ ಬಿದ್ದ ಒಂದೊಂದು ಹನಿಯನ್ನೂ ಹಿಡಿದರೆ 39 ಲಕ್ಷ ಲೀಟರ್, ಬೇಕಾದ್ದರ ಕಾಲು ಭಾಗ. ಬಿಸಿಲಿಗೆ ಆರಿದ್ದು, ಹರಿದುಹೋದದ್ದು ಕಳೆದರೆ ಅದೂ ಉಳಿಯದು.

ಹಾಗೆಂದು ಮಳೆನೀರು ಸಂಗ್ರಹ ವ್ಯರ್ಥವಲ್ಲ. ಬೆಂಗಳೂರಿನಲ್ಲಿ 2009ರಿಂದ 30x40 ಮತ್ತು ಅದಕ್ಕೂ ದೊಡ್ಡ ನಿವೇಶನಗಳ ಹೊಸ ಮನೆಗಳಿಗೆ ಅದು ಕಡ್ಡಾಯ, ಕೊಳವೆಬಾವಿಗಳ ಆಯುಷ್ಯಕ್ಕೆ ಅದರಿಂದ ನೇರ ಉಪಯೋಗವಿದೆ. ಆದರೆ ಒತ್ತಾಗಿ ಕಟ್ಟಿದ ಯಾವ ಬಡಾವಣೆಯೂ ತನ್ನ ನೆಲದ ನೀರಿನಿಂದಲೇ ಬದುಕಲಾರದು ಎಂಬುದನ್ನು ಲೆಕ್ಕ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಉಳಿದ ನೀರು ಹೊರಗಿನಿಂದ ಬರಬೇಕು, ಇಲ್ಲವೇ ಬಳಸಿದ ನೀರೇ ಮತ್ತೆ ಬಳಕೆಗೆ ಬರಬೇಕು. ಹೊರಗಿನ ನೀರು ಸುಲಭದ್ದಲ್ಲ. ಬೆಂಗಳೂರಿನ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮೂರು ಬಾರಿ ಪಂಪಾಗಿ ಮೇಲೇರಿ ಬರುತ್ತದೆ. ಕರೆಂಟಿನ ಬಿಲ್ಲೇ ಅದರ ದೊಡ್ಡ ಖರ್ಚು. ಐದನೇ ಹಂತ ದಿನಕ್ಕೆ 77.5 ಕೋಟಿ ಲೀಟರ್ ತರುವ ಯೋಜನೆ. 2024ರ ಬೇಸಿಗೆಯಲ್ಲಿ ನಗರದ ಕೊಳವೆಬಾವಿಗಳು ಸಾವಿರಗಟ್ಟಲೆ ಬತ್ತಿದಾಗ ಹೆಚ್ಚು ಕಂಗೆಟ್ಟದ್ದು ಕಾವೇರಿ ಕೊಳವೆ ತಲುಪಿರದ ಅಂಚಿನ ಬಡಾವಣೆಗಳೇ. ಹೊಸ ಬಡಾವಣೆಗೆ ಒಪ್ಪಿಗೆ ಕೊಡುವ ಮುನ್ನ ಇಷ್ಟು ಜನಕ್ಕೆ ಇಂಥ ಮೂಲದಿಂದ ಇಷ್ಟು ನೀರು ಎಂಬ ಪತ್ರ ಕೇಳಬೇಕಾದದ್ದು ಇದಕ್ಕೇ. ಆ ಪತ್ರದಲ್ಲಿ ‘ಕೊಳವೆಬಾವಿ’ ಎಂದಷ್ಟೇ ಬರೆದಿದ್ದರೆ ಅದನ್ನು ಉತ್ತರವೆಂದು ಒಪ್ಪಬಾರದು.

ಬಳಸಿದ ನೀರಿನದು ಇನ್ನೊಂದು ಕಥೆ. ಮನೆಗೆ ಬಂದ ನೀರಿನಲ್ಲಿ ನೂರಕ್ಕೆ 80 ಭಾಗ ಚರಂಡಿಗೆ ಹೋಗುತ್ತದೆಂಬುದು ಎಂಜಿನಿಯರುಗಳ ಲೆಕ್ಕ; ಮೇಲಿನ ಎಕರೆಯಲ್ಲಿ ಅದು ದಿನಕ್ಕೆ 34,500 ಲೀಟರ್. ಒಳಚರಂಡಿ (ಯುಜಿಡಿ) ಇಲ್ಲದ ಕಡೆ ಇದೆಲ್ಲ ಶೌಚದ ಪಿಟ್ಟಿಗೆ ಇಳಿದು ನೆಲ ಸೇರುತ್ತದೆ, ಅದೇ ನೆಲದಲ್ಲಿ ಕೊಳವೆಬಾವಿಯೂ ಇರುತ್ತದೆ. 30 ಅಡಿ ಅಗಲದ ಸೈಟಿನಲ್ಲಿ ಇವೆರಡನ್ನೂ ದೂರ ಇಡಲು ಜಾಗವೆಲ್ಲಿದೆ? ನಗರದಂಚಿನ ಅಂತರ್ಜಲದಲ್ಲಿ ನೈಟ್ರೇಟ್ ಏರುವುದಕ್ಕೆ ಇದೊಂದು ಮುಖ್ಯ ಕಾರಣ. ಎಲ್ಲ ಊರಿಗೂ ಒಳಚರಂಡಿ ಹಾಕುವ ಹಣ ಇಲ್ಲದಿದ್ದಾಗ ನಡುದಾರಿಯೂ ಉಂಟು. ದೇವನಹಳ್ಳಿ ಪುರಸಭೆ 2015ರಲ್ಲಿ ಪಿಟ್ಟುಗಳಿಂದ ಲಾರಿಯಲ್ಲಿ ಎತ್ತಿ ತಂದ ಮಲದ ಕೆಸರನ್ನು ಸಂಸ್ಕರಿಸುವ ಘಟಕ ಶುರುಮಾಡಿತು. ದಿನಕ್ಕೆ 6,000 ಲೀಟರ್ ಸಾಮರ್ಥ್ಯದ ಸಣ್ಣ ಘಟಕ. ಒಣಗಿದ ಕೆಸರು ಹಸಿಕಸದೊಂದಿಗೆ ಸೇರಿ ಗೊಬ್ಬರವಾಗುತ್ತದೆ. ದೊಡ್ಡ ಪ್ರಮಾಣದಲ್ಲಿ, ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು 2018ರಿಂದ ಕೋಲಾರದ ಬತ್ತಿದ ಕೆರೆಗಳಿಗೆ ಹರಿಯುತ್ತಿದೆ. ಅದರ ಶುದ್ಧತೆಯ ಬಗ್ಗೆ ವಾದ ನಿಂತಿಲ್ಲ. ಮನೆಯ ಮಟ್ಟಿಗೆ ಹೇಳುವುದಾದರೆ, ತಲೆಗೆ 45 ಲೀಟರ್ ಬರೀ ಶೌಚಾಲಯದ ಫ್ಲಶ್‌ಗೆ ಹೋಗುತ್ತದೆ. ಅದಕ್ಕೆ ಸಂಸ್ಕರಿಸಿದ ನೀರು ಬಳಸಲು ಎರಡನೇ ಕೊಳವೆ ಬೇಕು. ಗೋಡೆ ಏಳುವಾಗಲೇ ಹಾಕಿದರೆ ಅದರ ಖರ್ಚು ಅಲ್ಪ, ಆಮೇಲೆ ಒಡೆದು ಹಾಕುವುದು ಯಾರಿಂದಲೂ ಆಗದ ಮಾತು.

ನೀರು ಬರುವ ದಾರಿಯಷ್ಟೇ ಮುಖ್ಯ ನೀರು ಹೋಗುವ ದಾರಿ. ಬಯಲುಸೀಮೆಯ ಕೆರೆಗಳು ಒಂಟಿಯಾಗಿಲ್ಲ, ಮೇಲಿನ ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆಯಲ್ಲಿ ಹರಿದು ಕೆಳಗಿನ ಕೆರೆ ತುಂಬುತ್ತದೆ. ಬೆಂಗಳೂರು ದಿಬ್ಬದ ಮೇಲಿನ ಊರಾದ್ದರಿಂದ ಅದರ ನೀರು ವೃಷಭಾವತಿ, ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ ಕಣಿವೆಗಳಾಗಿ ಬೇರೆ ಬೇರೆ ದಿಕ್ಕಿಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಒಣಗಿದ ಹಳ್ಳದಂತೆ ಕಾಣುವ ಕಾಲುವೆ, ಗದ್ದೆಯ ಪಕ್ಕದ ಬಿ ಖರಾಬು (ಸಾಗುವಳಿಗಿಲ್ಲದ ಸಾರ್ವಜನಿಕ ಜಾಗ), ಕೆರೆಯ ಹಿನ್ನೀರಿನ ಬಯಲು ಸೈಟು ಮಾಡುವವನ ಕಣ್ಣಿಗೆ ಖಾಲಿ ಜಾಗ. ಮಳೆಯ ಲೆಕ್ಕದಲ್ಲಿ ಅವು ಖಾಲಿಯಲ್ಲ. 2022ರ ಸೆಪ್ಟೆಂಬರಿನಲ್ಲಿ ಮಹದೇವಪುರ, ಬೆಳ್ಳಂದೂರು ಭಾಗದ ದುಬಾರಿ ಬಡಾವಣೆಗಳಿಗೆ ಮಳೆನೀರು ನುಗ್ಗಿ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದು ಹೀಗಾಗಿ. ಬೆಂಗಳೂರಿನ ಮಹಾಯೋಜನೆ ಕೆರೆಯಿಂದ 30 ಮೀಟರ್, ದೊಡ್ಡ ರಾಜಕಾಲುವೆಯಿಂದ 50 ಮೀಟರ್ ಜಾಗ ಬಿಡಲು ಹೇಳುತ್ತದೆ. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಯ ಅಂತರವನ್ನು 75 ಮೀಟರಿಗೆ ಏರಿಸಿತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ ಹಳೆಯ ಅಂತರವನ್ನೇ ಉಳಿಸಿತು. ಮೀಟರು ಎಷ್ಟೆಂಬ ವಾದಕ್ಕಿಂತ ಮೊದಲಿನದು ಸರ್ವೆ: ಹಳೆಯ ಗ್ರಾಮನಕ್ಷೆಯಲ್ಲಿರುವ ಕಾಲುವೆಯನ್ನು ಜಮೀನಿನ ಮೇಲೆ ಅಳೆದು ಕಲ್ಲು ನೆಡುವ ಕೆಲಸ. ಸೈಟು ಮಾರಾಟವಾಗುವ ಮುಂಚೆ ಅದು ಒಬ್ಬ ಸರ್ವೇಯರ್ ಕೆಲವು ದಿನಗಳಲ್ಲಿ ಮುಗಿಸುವ ಕೆಲಸ. ಮನೆ ಎದ್ದ ಮೇಲಾದರೆ ಜೆಸಿಬಿ, ಪೊಲೀಸು, ತಡೆಯಾಜ್ಞೆ.

ಬಯಲು ಬಿಡುವುದು ಒಂದು, ಬಿಟ್ಟ ಬಯಲನ್ನು ಉಳಿಸಿಕೊಳ್ಳುವುದು ಇನ್ನೊಂದು. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆಂದು ಇಟ್ಟಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಆ ಹಂಚಿಕೆಯನ್ನು ಒಪ್ಪಲಿಲ್ಲ. ಪಾರ್ಕಿನ ಜಾಗ ಊರಿನ ಜನರದ್ದು, ಆಳುವವರ ಇಷ್ಟದಂತೆ ಹಂಚುವಂಥದ್ದಲ್ಲ ಎಂಬ ನಿಲುವಿಗೆ ದೇಶದಾದ್ಯಂತ ಇಂದಿಗೂ ಆ ತೀರ್ಪೇ ಆಧಾರ. ಹಳ್ಳಿಗಳಲ್ಲಿ ಇದೇ ಕೆಲಸವನ್ನು ಗೋಮಾಳ, ಗುಂಡುತೋಪುಗಳು ಮಾಡುತ್ತಿದ್ದವು. ಊರು ಪಟ್ಟಣವಾಗುವಾಗ ಮೊದಲು ಕರಗುವುದು ಅವೇ, ಏಕೆಂದರೆ ಅವುಗಳ ಪಹಣಿಯಲ್ಲಿ ಖಾಸಗಿ ಮಾಲೀಕನ ಹೆಸರಿರುವುದಿಲ್ಲ.

ಹರಡಿ ಬೆಳೆಯಬೇಕೋ, ಒತ್ತಾಗಿ ಬೆಳೆಯಬೇಕೋ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಹರಡಿದಷ್ಟೂ ಕೊಳವೆ, ತಂತಿ, ರಸ್ತೆ ಉದ್ದವಾಗುತ್ತವೆ, ಬಸ್ಸಿಗೆ ಜನ ಸಾಲುವುದಿಲ್ಲ, ಪ್ರತಿ ಮನೆಗೂ ಎರಡು ಬೈಕು ಬೇಕಾಗುತ್ತದೆ. ಒತ್ತಾದರೆ ನೀರು ಸಾಲದು. ಹಳೆಯ ಬೆಂಗಳೂರು, ಮೈಸೂರಿನ ವಠಾರಗಳು ಈ ಗಂಟನ್ನು ತಮ್ಮದೇ ರೀತಿಯಲ್ಲಿ ಬಿಡಿಸಿದ್ದವು: ಒಂದೇ ಅಂಗಳ, ಒಂದೇ ಬಾವಿ ಅಥವಾ ನಲ್ಲಿ, ಸುತ್ತ ಸಣ್ಣ ಮನೆಗಳ ಸಾಲು, ಕಡಿಮೆ ಬಾಡಿಗೆ, ನಡೆದು ಹೋಗುವ ದೂರದಲ್ಲಿ ಮಾರುಕಟ್ಟೆ. ಅಲ್ಲಿನ ಶೌಚಾಲಯದ ಸಾಲು, ಜಗಳ, ಖಾಸಗಿತನವಿಲ್ಲದ ಬದುಕು ಯಾರಿಗೂ ಬೇಕಿಲ್ಲ. ಆದರೆ ಕಡಿಮೆ ಎತ್ತರ, ಹೆಚ್ಚು ಮನೆ, ನಡುವೆ ಹಂಚಿಕೊಂಡ ಬಯಲು ಎಂಬ ಆ ವಿನ್ಯಾಸ ಇಂದಿನ ಸಣ್ಣ ಪಟ್ಟಣಕ್ಕೆ ಇಪ್ಪತ್ತು ಮಹಡಿಯ ಕಟ್ಟಡಕ್ಕಿಂತ ಹೆಚ್ಚು ಹೊಂದುತ್ತದೆ. ಯೋಜನೆಗಳು ಸೈಟು ಕೊಳ್ಳುವವರನ್ನೇ ನೆನೆದು ಬಾಡಿಗೆದಾರರನ್ನು ಮರೆಯುವುದೂ ಮಾಮೂಲು. ಗಾರ್ಮೆಂಟ್ಸ್ ಕೆಲಸಗಾರರು, ಕಟ್ಟಡ ಕಾರ್ಮಿಕರು, ಡ್ರೈವರುಗಳಿಗೆ ಕೆಲಸದ ಹತ್ತಿರ ಬಾಡಿಗೆ ಕೋಣೆ ಸಿಗದಿದ್ದರೆ ಅವರು ಮೊರೆಹೋಗುವುದು ಕಾಲುವೆ ಪಕ್ಕದ ಶೆಡ್ಡಿಗೆ.

ಕಟ್ಟುವ ಸಾಮಗ್ರಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ ಸ್ವಲ್ಪ ಸಿಮೆಂಟ್ ಸೇರಿಸಿ ಒತ್ತಿದ, ಸುಡದ ಮಣ್ಣಿನ ಇಟ್ಟಿಗೆಯನ್ನು ರೂಢಿಗೆ ತಂದಿತು. ಸೌದೆಯ ಖರ್ಚಿಲ್ಲ, ಅಲ್ಲಲ್ಲಿನ ಮಣ್ಣೇ ಸಾಕು. ಕರಾವಳಿಗೆ ಮುರಕಲ್ಲು ಮೊದಲಿನಿಂದಲೂ ಇದೆ. ಆದರೆ ಮಣ್ಣಿನ ಮನೆ ಕಟ್ಟಿ ಟ್ಯಾಂಕರ್ ನೀರು ಕುಡಿಯುವ ಬಡಾವಣೆಯನ್ನು ಪರಿಸರಸ್ನೇಹಿ ಎನ್ನುವುದು ಜಾಹೀರಾತಿಗೆ ಮಾತ್ರ ಸರಿ.

ಇಷ್ಟೆಲ್ಲಕ್ಕೂ ಜಾಗ ಬೇಕು, ಜಾಗ ರೈತರದ್ದು. ಹಳೆಯ ದಾರಿ ಭೂಸ್ವಾಧೀನ. ಬೆಂಗಳೂರಿನ ಅರ್ಕಾವತಿ ಬಡಾವಣೆಗೆ 2004ರಲ್ಲಿ 2,750 ಎಕರೆಗೆ ಅಂತಿಮ ಅಧಿಸೂಚನೆ ಹೊರಟಿತು. ಕೋರ್ಟು, ಡಿನೋಟಿಫಿಕೇಶನ್, ಮರುಹಂಚಿಕೆಗಳ ಸುಳಿಯಲ್ಲಿ ಸೈಟಿಗೆ ಹಣ ಕಟ್ಟಿದ ಎಷ್ಟೋ ಮಂದಿ ದಶಕಗಟ್ಟಲೆ ಕಾದರು. ಗುಜರಾತ್ ಬೇರೆ ದಾರಿ ಹಿಡಿಯಿತು. 1915ರ ಬಾಂಬೆ ನಗರ ಯೋಜನಾ ಕಾಯ್ದೆಯಿಂದ ಬಂದ ಪದ್ಧತಿ ಅದು, ಅಲ್ಲಿ ಈಗ 1976ರ ಕಾಯ್ದೆಯಡಿ ನಡೆಯುತ್ತದೆ. ಒಂದು ಪ್ರದೇಶದ ಎಲ್ಲ ಜಮೀನುಗಳನ್ನು ಕಾಗದದ ಮೇಲೆ ಒಟ್ಟುಗೂಡಿಸಿ, ಎಲ್ಲರಿಂದಲೂ ಒಂದಷ್ಟು ಪಾಲು ತೆಗೆದು ರಸ್ತೆ, ಬಯಲು, ಶಾಲೆ, ಬಡವರ ಮನೆಗೆ ಇಟ್ಟು, ಉಳಿದದ್ದನ್ನು ಚೊಕ್ಕ ಆಕಾರದ ನಿವೇಶನವಾಗಿ ಅದೇ ಮಾಲೀಕರಿಗೆ ಹಿಂತಿರುಗಿಸುತ್ತಾರೆ. ಒಂದು ಎಕರೆ, ಅಂದರೆ 40 ಗುಂಟೆ ಕೊಟ್ಟವನಿಗೆ 24 ಗುಂಟೆ ಬಂದರೂ ರಸ್ತೆ ಸೇರಿದ ಮೇಲೆ ಅದರ ಬೆಲೆ ಮೊದಲಿಗಿಂತ ಹೆಚ್ಚು. ಹೆಚ್ಚಿದ ಬೆಲೆಯಲ್ಲಿ ಒಂದು ಪಾಲನ್ನು ಸೌಕರ್ಯಕ್ಕೆ ವಸೂಲಿ ಮಾಡುತ್ತಾರೆ. ಅಹಮದಾಬಾದಿನ 76 ಕಿಲೋಮೀಟರ್ ಸರ್ದಾರ್ ಪಟೇಲ್ ವರ್ತುಲ ರಸ್ತೆಗೆ ಹೆಚ್ಚಿನ ಜಾಗ ಬಂದದ್ದು ಹೀಗೆ. 2001ರ ಭೂಕಂಪದ ಮೇಲೆ ಭುಜ್ ನಗರದ ಒಳಗೇರಿಗಳನ್ನು ಮತ್ತೆ ಕಟ್ಟಿದ್ದೂ ಇದೇ ಪದ್ಧತಿಯಲ್ಲಿ. ಕೊರತೆಗಳಿವೆ: ಯೋಜನೆ ಮುಗಿಯಲು ವರ್ಷಗಳು ಹಿಡಿಯುತ್ತವೆ, ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಗೇಣಿಗೆ ಉಳುತ್ತಿದ್ದವರಿಗೆ ಈ ಹಂಚಿಕೆಯಲ್ಲಿ ಪಾಲಿಲ್ಲ. ಕರ್ನಾಟಕದ 1961ರ ಕಾಯ್ದೆಯಲ್ಲೂ ಇಂಥ ನಗರ ಯೋಜನಾ ಸ್ಕೀಮಿಗೆ ಅಧ್ಯಾಯವೇ ಇದೆ. ಅದು ಹೆಚ್ಚಾಗಿ ಪುಸ್ತಕದಲ್ಲೇ ಉಳಿದಿದೆ.

ತೀರ್ಮಾನಿಸುವವರು ಯಾರು ಎಂಬುದೂ ಗೋಜಲೇ. ಸಂವಿಧಾನದ 74ನೇ ತಿದ್ದುಪಡಿ ನಗರ ಸಂಸ್ಥೆಗಳಿಗೆ ಕೊಡಬಹುದಾದ 18 ವಿಷಯಗಳ ಪಟ್ಟಿಯಲ್ಲಿ ನಗರ ಯೋಜನೆಯನ್ನೇ ಮೊದಲಿಗೆ ಇಟ್ಟಿದೆ. ಕರ್ನಾಟಕದಲ್ಲಿ ಅದು ಬಹುಪಾಲು ರಾಜ್ಯ ಸರ್ಕಾರ ನೇಮಿಸಿದ ಪ್ರಾಧಿಕಾರಗಳ ಕೈಯಲ್ಲಿದೆ. ಚುನಾಯಿತ ಸದಸ್ಯನಿಗೆ ವಾರ್ಡಿನ ಮೋರಿಯ ಹೊಣೆ ಇದೆ, ಆ ಮೋರಿಗೆ ನೀರು ತುಂಬಿಸುವ ಬಡಾವಣೆಯ ಮೇಲೆ ಅಧಿಕಾರವಿಲ್ಲ. ಬೆಂಗಳೂರಿಗೆ 2007ರಲ್ಲಿ ಜಾರಿಯಾದ ಮಹಾಯೋಜನೆಯ ಗುರಿ 2015. 2031ರ ಕರಡು ಹಿಂದಕ್ಕೆ ಹೋದ ಕಾರಣ ಅವಧಿ ಮುಗಿದ ನಕ್ಷೆಯೇ ಊರನ್ನು ನಡೆಸುತ್ತ ಬಂದಿದೆ. ನಗರದ ಹೊರಗೆ ಗ್ರಾಮ ಪಂಚಾಯಿತಿಗಳು ಆಸ್ತಿ ದಾಖಲೆಯ ಇ-ಸ್ವತ್ತು ವ್ಯವಸ್ಥೆಯಲ್ಲಿ ಕ್ರಮಬದ್ಧ ಆಸ್ತಿಗೆ ನಮೂನೆ 9 ಮತ್ತು 11ಎ, ಉಳಿದವಕ್ಕೆ 11ಬಿ ಕೊಡುತ್ತವೆ. ತೆರಿಗೆ ಎರಡಕ್ಕೂ ಕಟ್ಟಬೇಕು, ಆದ್ದರಿಂದ ಕೊಳ್ಳುವವನಿಗೆ ವ್ಯತ್ಯಾಸ ತಿಳಿಯುವುದು ಬ್ಯಾಂಕಿನಲ್ಲಿ ಸಾಲ ಕೇಳಿದಾಗ.

ಈಗಾಗಲೇ ಎದ್ದುನಿಂತ ಅನಧಿಕೃತ ಬಡಾವಣೆಗಳನ್ನು ಕೆಡವಲಾಗದು, ಅಲ್ಲಿರುವವರ ಜೀವಮಾನದ ಉಳಿತಾಯ ಆ ಗೋಡೆಗಳಲ್ಲಿದೆ. ದಂಡ ಕಟ್ಟಿಸಿಕೊಂಡು ಒಪ್ಪಿಕೊಳ್ಳುವ ಅಕ್ರಮ-ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2025ರಲ್ಲಿ ಸರ್ಕಾರ ಪಟ್ಟಣಗಳ ಇಂಥ ಆಸ್ತಿಗಳಿಗೂ ಬಿ ಖಾತೆ, ಅಂದರೆ ಕ್ರಮಬದ್ಧವಲ್ಲದ ಆಸ್ತಿಗೆ ತೆರಿಗೆಗಾಗಿ ತೆರೆಯುವ ಖಾತೆ, ಕೊಡಲು ಹೊರಟಿತು. ಖಾತೆಯಿಂದ ತೆರಿಗೆ ಬರುತ್ತದೆ, ನೀರು ತಾನಾಗಿ ಬರುವುದಿಲ್ಲ. ಆ ಹಣವನ್ನು ಅದೇ ಬಡಾವಣೆಯ ಕೊಳವೆ, ಚರಂಡಿಗೆ ಮೀಸಲಿಟ್ಟರೆ ಒಂದಷ್ಟು ಸರಿಪಡಿಸಬಹುದು: ಬೀದಿಯ ಕೆಳಗೆ ಯುಜಿಡಿ, ಹತ್ತಾರು ಮನೆಗಳಿಗೊಂದು ಇಂಗುಬಾವಿ, ಮುಚ್ಚಿಹೋದ ಕಾಲುವೆಯ ಬಿಡುಗಡೆ, ಹತ್ತಿರದಲ್ಲಿ ಉಳಿದಿರುವ ಸರ್ಕಾರಿ ಜಾಗದಲ್ಲಿ ಅಂಗನವಾಡಿ ಮತ್ತು ಆಟದ ಬಯಲು. ರಸ್ತೆ ಮಾತ್ರ ಹಾಗೆ ಸಿಗುವುದಿಲ್ಲ. 20 ಅಡಿ ಬೀದಿಯ ಎರಡೂ ಬದಿ ಮೂರು ಮಹಡಿ ಎದ್ದ ಮೇಲೆ ಅಗ್ನಿಶಾಮಕ ಲಾರಿ ಒಳಗೆ ಬರಲು ಅಗಲ ಮಾಡಬೇಕೆಂದರೆ ಎರಡು ಕಡೆಯ ಮನೆಗಳನ್ನೂ ಕೊಂಡುಕೊಳ್ಳಬೇಕು. ಆ ಹಣ ಯಾವ ಪುರಸಭೆಯ ಬಜೆಟ್ಟಿನಲ್ಲೂ ಇಲ್ಲ.